ಯಥಾಶಕ್ತಿಯ ವಿಚಾರ: ಹಳೆಯ ಡೆಸ್ಕ್‌ಟಾಪಿನ ದುರಸ್ತಿ ಮತ್ತು ಮೀಮಾಂಸೆಯ ಪ್ರಧಾನ–ಅಂಗ ವಿವೇಕ

1. ಪ್ರಶ್ನೆಯ ಸ್ವರೂಪ

ಕೆಲಸ ಮಾಡುತ್ತಿರುವ ಉಪಕರಣವೊಂದು ಯಾವಾಗ ಹಳೆಯದಾಗುತ್ತದೆ, ಹಳೆಯದಾದುದನ್ನು ಎಷ್ಟರ ಮಟ್ಟಿಗೆ ಹೊಸದು ಮಾಡಿದರೆ ಸಾಕು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಅಂಗಡಿಯವನೂ ಗಿರಾಕಿಯೂ ಕೂಡಿ ಬಗೆಹರಿಸಿಕೊಳ್ಳುವ ವ್ಯವಹಾರದ ಪ್ರಶ್ನೆಗಳಾಗಿ ಕಾಣುತ್ತವೆ. ಆದರೆ ಅವುಗಳಿಗೆ ಉತ್ತರ ಹೇಳಹೊರಟವರು ಆ ಉಪಕರಣ ಯಾವುದಕ್ಕಾಗಿ ಇದೆ, ಅದರಲ್ಲಿ ಯಾವುದು ಮುಖ್ಯ ಯಾವುದು ಪೂರಕ, ಭಾಗಗಳು ಬದಲಾದ ಮೇಲೂ ಅದನ್ನು ಅದೇ ವಸ್ತುವೆಂದು ಕರೆಯಬಹುದೇ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಈ ನಿಶ್ಚಯಗಳು ಬೆಲೆಪಟ್ಟಿಯಲ್ಲಿ ದೊರೆಯುವುದಿಲ್ಲ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ, ಅಂದರೆ ಯಂತ್ರದ ಬಿಡಿಭಾಗಗಳನ್ನೂ ಬಳಕೆಯ ತಂತ್ರಾಂಶಗಳನ್ನೂ ಬೆಸೆಯುವ ಮೂಲ ತಂತ್ರಾಂಶಕ್ಕೆ, ನೀಡುತ್ತಿದ್ದ ಉಚಿತ ಬೆಂಬಲವನ್ನು ನಿಲ್ಲಿಸಿದಾಗ ಈ ಪ್ರಶ್ನೆ ಸಾವಿರಾರು ಮನೆಗಳಲ್ಲಿ ಒಮ್ಮೆಗೇ ಎದ್ದಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಗುಪ್ತಕೀಲಿಗಳನ್ನು ಕಾಯ್ದಿಡುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ, ಇಂಟೆಲ್ ಯಂತ್ರವಾದರೆ ಸಾಮಾನ್ಯವಾಗಿ ಎಂಟನೆಯ ಅಥವಾ ಅದಕ್ಕಿಂತ ಈಚಿನ ಪೀಳಿಗೆಯ ಪ್ರೊಸೆಸರನ್ನೂ ಬಯಸುತ್ತದೆ. ಬೆಂಗಳೂರಿನ ಯಲಹಂಕದ ಮನೆಯೊಂದರಲ್ಲಿ ಮಕ್ಕಳ ಓದಿಗೆಂದು ಕೊಂಡ, ಆರ್.ಟಿ. ನಗರದ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಜಿಎಸ್‌ಟಿ ವಿವರ ಸಲ್ಲಿಸಲು ಬಳಸುವ, ಯಶವಂತಪುರದ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಜೋಡಿಸುವ, ಹೆಬ್ಬಾಳದ ಮನೆಪಾಠದ ಕೋಣೆಯಲ್ಲಿ ಪ್ರಶ್ನೆಪತ್ರಿಕೆ ಅಚ್ಚುಹಾಕುವ ಡೆಸ್ಕ್‌ಟಾಪುಗಳಲ್ಲಿ ನಾಲ್ಕನೆಯ ಪೀಳಿಗೆಯವು, ಅಂದರೆ 2013ರಲ್ಲಿ ಮಾರುಕಟ್ಟೆಗೆ ಬಂದ ಬಗೆಯವು, ಇನ್ನೂ ಇವೆ. ಹಿಂದಿನ ದಿನ ಮಾಡುತ್ತಿದ್ದ ಕೆಲಸವನ್ನೆಲ್ಲ ಮಾರನೆಯ ದಿನವೂ ಮಾಡಿದ ಈ ಯಂತ್ರಗಳು ದಿನಾಂಕವೊಂದರ ಬಲದಿಂದ ಹಳೆಯವಾದವು. ಸವೆತದಿಂದ ಬರುವ ಜೀರ್ಣತೆ ಒಂದು ಬಗೆಯಾದರೆ ಘೋಷಣೆಯಿಂದ ಬರುವ ಜೀರ್ಣತೆ ಇನ್ನೊಂದು ಬಗೆ. ಎರಡಕ್ಕೂ ಒಂದೇ ಮದ್ದು ಎಂದು ಭಾವಿಸುವುದೇ ಅನೇಕ ಅನಗತ್ಯ ಖರ್ಚುಗಳ ಮೂಲ.

ಸೀಮಿತ ಸಾಧನಗಳುಳ್ಳವನು ತನ್ನ ಕರ್ತವ್ಯವನ್ನು ಹೇಗೆ ನೆರವೇರಿಸಬೇಕು, ವಿಹಿತವಾದ ವಸ್ತು ಸಿಗದಿದ್ದಾಗ ಏನನ್ನು ಬಳಸಬಹುದು, ಏನನ್ನು ಎಂದಿಗೂ ಬಳಸಬಾರದು ಎಂಬ ವಿಚಾರವನ್ನು ಭಾರತೀಯ ದರ್ಶನಗಳಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾಗಿ ಮಾಡಿದ್ದು ಪೂರ್ವಮೀಮಾಂಸೆ. ಆ ಶಾಸ್ತ್ರದ ವಿವೇಕ ಹಳೆಯ ಕಂಪ್ಯೂಟರಿನ ಮುಂದೆ ಕುಳಿತ ಇಂದಿನ ಗೃಹಸ್ಥನಿಗೆ ಎಷ್ಟು ದೂರ ಒದಗುತ್ತದೆ, ಎಲ್ಲಿ ಅದಕ್ಕೆ ಬೇರೆ ಪರಂಪರೆಗಳ ನೆರವು ಬೇಕಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

2. ನಿತ್ಯ, ಕಾಮ್ಯ ಮತ್ತು ಯಥಾಶಕ್ತಿ

ಜೈಮಿನಿಯ ಹೆಸರಿನಲ್ಲಿ ಬಂದಿರುವ ಪೂರ್ವಮೀಮಾಂಸಾ ಸೂತ್ರಗಳು ಹನ್ನೆರಡು ಅಧ್ಯಾಯಗಳಲ್ಲಿ ಹರಡಿಕೊಂಡಿದ್ದು, ಶಬರಸ್ವಾಮಿಯ ಭಾಷ್ಯ ಅವುಗಳಿಗೆ ಇಂದು ಪೂರ್ಣವಾಗಿ ದೊರೆಯುವ ಅತ್ಯಂತ ಹಳೆಯ ವ್ಯಾಖ್ಯಾನವಾಗಿದೆ. ಈ ಶಾಸ್ತ್ರ ಕರ್ನಾಟಕಕ್ಕೆ ಹೊರಗಿನದಲ್ಲ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಮಾಧವಾಚಾರ್ಯರು ಅದರ ಅಧಿಕರಣಗಳನ್ನು, ಅಂದರೆ ಸಂಶಯ, ಪೂರ್ವಪಕ್ಷ, ಸಿದ್ಧಾಂತಗಳಿಂದ ಕೂಡಿದ ಚರ್ಚಾಘಟಕಗಳನ್ನು, ಜೈಮಿನೀಯ ನ್ಯಾಯಮಾಲಾ ಎಂಬ ಗ್ರಂಥದಲ್ಲಿ ಅಡಕವಾಗಿ ಜೋಡಿಸಿಕೊಟ್ಟರು. ಯಜ್ಞಕ್ಕೆ ಸಂಬಂಧಿಸಿದ ತರ್ಕವನ್ನು ಲೌಕಿಕ ವಿಷಯಕ್ಕೆ ಹಿಗ್ಗಿಸುವುದು ಸರಿಯೇ ಎಂಬ ಆಕ್ಷೇಪಕ್ಕೂ ಕನ್ನಡ ನೆಲದಲ್ಲಿಯೇ ಹಳೆಯ ಉತ್ತರವಿದೆ: ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ರಚಿಸಿದ ಮಿತಾಕ್ಷರವು ಆಸ್ತಿಯ ಹಂಚಿಕೆಯಂಥ ಅಪ್ಪಟ ಲೌಕಿಕ ವ್ಯವಹಾರಗಳನ್ನು ಮೀಮಾಂಸೆಯ ನ್ಯಾಯಗಳಿಂದಲೇ ಬಿಡಿಸಿತು.

ಮೀಮಾಂಸೆಯ ಮೊದಲ ಹೆಜ್ಜೆ ಪ್ರಧಾನವನ್ನೂ ಅಂಗವನ್ನೂ ಬೇರ್ಪಡಿಸುವುದು. ಯಾವುದರ ಫಲಕ್ಕಾಗಿ ಇಡೀ ಕರ್ಮ ನಡೆಯುತ್ತದೆಯೋ ಅದು ಪ್ರಧಾನ. ಅದಕ್ಕೆ ನೆರವಾಗಲು ಬಂದು ತನಗೆ ಸ್ವತಂತ್ರ ಪ್ರಯೋಜನವಿಲ್ಲದ್ದು ಅಂಗ. ಎರಡನೆಯ ಹೆಜ್ಜೆ ಕರ್ಮಗಳನ್ನು ನಿತ್ಯ ಮತ್ತು ಕಾಮ್ಯ ಎಂದು ವಿಂಗಡಿಸುವುದು. ಬದುಕಿರುವವರೆಗೂ ಬೆಳಿಗ್ಗೆ ಸಂಜೆ ನಡೆಯಬೇಕಾದ ಅಗ್ನಿಹೋತ್ರ ನಿತ್ಯಕರ್ಮಕ್ಕೆ ಉದಾಹರಣೆಯಾದರೆ, ಮಳೆ ಬಯಸಿದವನು ಮಾಡುವ ಕಾರೀರೀ ಇಷ್ಟಿ ಕಾಮ್ಯಕರ್ಮಕ್ಕೆ ಉದಾಹರಣೆ. ಮೊದಲನೆಯದನ್ನು ಬಿಡುವಂತಿಲ್ಲ, ಎರಡನೆಯದನ್ನು ಬಯಕೆಯಿಲ್ಲದವನು ಮಾಡಬೇಕಾಗಿಲ್ಲ.

ಆರನೆಯ ಅಧ್ಯಾಯದ ಮೂರನೆಯ ಪಾದ ಈ ವಿಂಗಡಣೆಯಿಂದ ಎರಡು ಬೇರೆ ಬೇರೆ ನಿಯಮಗಳನ್ನು ಹೊರಡಿಸುತ್ತದೆ. ಎಲ್ಲ ಅಂಗಗಳನ್ನೂ ಒದಗಿಸಲಾರದವನು ನಿತ್ಯಕರ್ಮವನ್ನು ಕೈಬಿಡಬೇಕೇ ಎಂಬ ಸಂಶಯಕ್ಕೆ, ಬೇಡ, ಪ್ರಧಾನ ನೆರವೇರಿದರೆ ಉದ್ದೇಶ ಸಿದ್ಧಿಸುವುದರಿಂದ ತನ್ನ ಶಕ್ತಿಗೆ ಎಟುಕಿದಷ್ಟು ಅಂಗಗಳೊಡನೆ ಅದನ್ನು ಮಾಡಬಹುದು ಎಂದು ಸಿದ್ಧಾಂತ ಹೇಳುತ್ತದೆ. ಇದೇ ಯಥಾಶಕ್ತಿಯ ನ್ಯಾಯ. ಕಾಮ್ಯಕರ್ಮಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ವಿಶೇಷ ಫಲವನ್ನು ಬಯಸಿ ಕೈಹಾಕಿದವನು ಎಲ್ಲ ಅಂಗಗಳನ್ನೂ ಒದಗಿಸಬಲ್ಲವನಾಗಿರಬೇಕು, ಆಗದಿದ್ದರೆ ಆರಂಭಿಸಲೇಬಾರದು, ಏಕೆಂದರೆ ಅಂಗವಿಕಲವಾದ ಕಾಮ್ಯದಿಂದ ಫಲ ಹುಟ್ಟುವುದಿಲ್ಲ. ಬಡವನಿಗೆ ಕರ್ತವ್ಯದಲ್ಲಿ ವಿನಾಯಿತಿ ನೀಡಿ ಬಯಕೆಯಲ್ಲಿ ನಿರಾಕರಿಸುವ ಈ ಜೋಡಿ ನಿಯಮದಲ್ಲಿ ಮಿತವ್ಯಯದ ಒಂದು ಸಮಗ್ರ ತತ್ತ್ವವೇ ಅಡಗಿದೆ.

3. ನಿತ್ಯಬಳಕೆಯ ಯಂತ್ರ

ಗೃಹಸ್ಥನ ಡೆಸ್ಕ್‌ಟಾಪಿಗೆ ಈ ವಿಂಗಡಣೆಯನ್ನು ಅನ್ವಯಿಸಿದರೆ, ಪತ್ರ ಬರೆಯುವುದು, ಲೆಕ್ಕ ಇಡುವುದು, ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ, ಅರ್ಜಿ ತುಂಬುವುದು, ಕನ್ನಡ ಬೆರಳಚ್ಚು ಇವೆಲ್ಲ ನಿತ್ಯದ ಬಳಕೆಗಳು; ಇಲ್ಲಿ ಪ್ರಧಾನವೆಂದರೆ ಕೆಲಸ ತಡೆಯಿಲ್ಲದೆ ಸಾಗುವುದು ಮತ್ತು ಉಳಿಸಿದ ದಾಖಲೆ ಉಳಿದಿರುವುದು. ಪ್ರೊಸೆಸರಿನ ಪೀಳಿಗೆ, ಪೆಟ್ಟಿಗೆಯ ಅಂದ, ಅಂಕಿಗಳಲ್ಲಿ ತೋರಿಸುವ ವೇಗ ಇವು ಅಂಗಗಳು. ಹಳೆಯ ಯಂತ್ರ ನಿಧಾನವಾಯಿತೆಂಬ ದೂರು ಬಂದಾಗ ಕೇಳಬೇಕಾದದ್ದು, ಪ್ರಧಾನಕ್ಕೆ ಅಡ್ಡಿ ಬಂದಿರುವುದು ಯಾವ ಅಂಗದಿಂದ ಎಂಬುದು.

ಹತ್ತು ವರ್ಷ ದಾಟಿದ ಯಂತ್ರಗಳಲ್ಲಿ ಈ ಅಡ್ಡಿ ಹೆಚ್ಚಾಗಿ ಇರುವುದು ಹಾರ್ಡ್ ಡಿಸ್ಕಿನಲ್ಲಿ, ಅಂದರೆ ತಿರುಗುವ ಕಾಂತೀಯ ತಟ್ಟೆಯ ಮೇಲೆ ಮಾಹಿತಿಯನ್ನು ಬರೆಯುವ ಸಂಗ್ರಹ ಸಾಧನದಲ್ಲಿ. ನಿಮಿಷಕ್ಕೆ 7,200 ಸುತ್ತು ಹಾಕುವ ತಟ್ಟೆ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡು ಕಾಯಬೇಕು, ಮುಳ್ಳು ಸರಿದಾಡುವ ಹೊತ್ತು ಅದಕ್ಕೆ ಕೂಡುತ್ತದೆ. ಹೀಗಾಗಿ ಅಲ್ಲಲ್ಲಿ ಚದುರಿದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಬಾರಿ ಮಾತ್ರ ಎತ್ತಿಕೊಡಬಲ್ಲದು, ಆದರೆ ಯಂತ್ರ ಆರಂಭವಾಗುವಾಗ ಅಂಥ ಸಾವಿರಾರು ಕಡತಗಳು ಬೇಕಾಗುತ್ತವೆ. ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಈ ಕಾಯುವಿಕೆಯನ್ನು ಬಹುಮಟ್ಟಿಗೆ ಇಲ್ಲವಾಗಿಸುತ್ತದೆ. 2013ರ ಮದರ್‌ಬೋರ್ಡಿನಲ್ಲಿಯೂ ಇರುವ ಸಾಟಾ ಜೋಡಣೆಗೆ ಅದು ನೇರವಾಗಿ ಹೊಂದುವುದರಿಂದ ಬೇರಾವ ಭಾಗವನ್ನೂ ಮುಟ್ಟಬೇಕಾಗಿಲ್ಲ. ಸಾಟಾದ ಮಿತಿಯಿಂದಾಗಿ ಅದರ ವೇಗ ಸೆಕೆಂಡಿಗೆ ಸುಮಾರು 550 ಮೆಗಾಬೈಟಿಗೆ ನಿಲ್ಲುತ್ತದೆಯೆಂಬುದು ನಿಜ. ಆದರೆ ಯಥಾಶಕ್ತಿಯ ನ್ಯಾಯದಲ್ಲಿ ಆ ಮಿತಿ ದೋಷವಲ್ಲ, ಏಕೆಂದರೆ ನಿತ್ಯದ ಕೆಲಸಕ್ಕೆ ಅಡ್ಡಿಯಾಗಿದ್ದದ್ದು ಕಾಯುವಿಕೆ, ಅದು ನೀಗಿತು.

ಎರಡನೆಯ ಸ್ಥಾನ ರ‍್ಯಾಮಿನದು, ಅಂದರೆ ನಡೆಯುತ್ತಿರುವ ಕೆಲಸವನ್ನು ಆ ಹೊತ್ತಿಗೆ ಹಿಡಿದಿಡುವ ತಾತ್ಕಾಲಿಕ ಸ್ಮೃತಿಯದು. 4 ಗಿಗಾಬೈಟಿನಿಂದ 8ಕ್ಕೆ ಏರಿಸಿದಾಗ ದೊರೆಯುವ ಅನುಕೂಲ 8ರಿಂದ 16ಕ್ಕೆ ಏರಿಸಿದಾಗ ನಿತ್ಯದ ಬಳಕೆದಾರನಿಗೆ ಅದೇ ಪ್ರಮಾಣದಲ್ಲಿ ದೊರೆಯುವುದಿಲ್ಲ. ಯಂತ್ರದಲ್ಲಿರುವುದು 32 ಬಿಟ್ ವಿಂಡೋಸ್ ಆಗಿದ್ದರೆ 4 ಗಿಗಾಬೈಟಿಗಿಂತ ಹೆಚ್ಚಿನದನ್ನು ಅದು ಬಳಸಿಕೊಳ್ಳಲಾರದಾದ್ದರಿಂದ ಕೊಟ್ಟ ಹಣವೆಲ್ಲ ವ್ಯರ್ಥ. ಇವೆರಡಕ್ಕಿಂತ ಮೊದಲು ನೋಡಬೇಕಾದ ಅತಿ ಅಗ್ಗದ ಭಾಗಗಳೂ ಇವೆ. ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ 3 ವೋಲ್ಟಿನ ನಾಣ್ಯಾಕಾರದ ಸೆಲ್ ಖಾಲಿಯಾದರೆ ಯಂತ್ರ ಪ್ರತಿ ಸಲ ತನ್ನ ದಿನಾಂಕವನ್ನು ಮರೆಯುತ್ತದೆ, ದಿನಾಂಕ ತಪ್ಪಿದರೆ ಬ್ಯಾಂಕಿನ ಜಾಲತಾಣದ ಭದ್ರತಾ ಪ್ರಮಾಣಪತ್ರವೂ ಸರಿಹೊಂದುವುದಿಲ್ಲ. ಪ್ರೊಸೆಸರಿನ ಮೇಲಿನ ಶಾಖವಾಹಕ ಲೇಪ ಒಣಗಿ, ಫ್ಯಾನಿನಲ್ಲಿ ರಸ್ತೆಯ ಧೂಳು ತುಂಬಿದರೆ ಯಂತ್ರ ಬಿಸಿಯಾಗಿ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಬೇಸಿಗೆಯ ಮಳೆಗಾಳಿಗೆ ವಿದ್ಯುತ್ ಹೋಗಿಬರುವಾಗ ದಾಖಲೆ ಕೆಡದಂತೆ ಕಾಯುವ ಯುಪಿಎಸ್ಸಿನ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ. ಇವು ಯಾವುವೂ ಯಂತ್ರವನ್ನು ಹೊಸದೆನಿಸುವುದಿಲ್ಲ; ಪ್ರಧಾನವನ್ನು ಕಾಯುತ್ತವೆ. ಹಣದ ಮಿತಿ ಇರುವಾಗ ಕಣ್ಣಿಗೆ ಕಾಣದ ಇಂಥ ಅಂಗಗಳು ಕಣ್ಣು ಸೆಳೆಯುವವುಗಳಿಗಿಂತ ಮುಂದೆ ನಿಲ್ಲುತ್ತವೆ.

ಕಾಮ್ಯದ ಬಳಕೆ ಇದಕ್ಕೆ ವಿರುದ್ಧವಾದ ರಚನೆಯುಳ್ಳದ್ದು. ಈಚಿನ ಆಟಗಳು, ದೀರ್ಘ ವೀಡಿಯೋಗಳ ಸಂಕಲನ, ಮೂರು ಆಯಾಮದ ಚಿತ್ರರಚನೆ ಇವನ್ನು ಬಯಸಿದವನು ದೃಶ್ಯಗಳ ಗಣನೆಯನ್ನು ನಿರ್ವಹಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೊಂದನ್ನು ಕೊಂಡು ಹಳೆಯ ಯಂತ್ರಕ್ಕೆ ಸೇರಿಸಿದರೆ, ಅದಕ್ಕೆ ಬೇಕಾದ ವಿದ್ಯುತ್ತನ್ನು ವಿದ್ಯುತ್ ಪೂರೈಕೆಯ ಘಟಕವಾದ ಹಳೆಯ ಎಸ್‌ಎಂಪಿಎಸ್ ಕೊಡಲಾರದು, ಅದು ಉಗುಳುವ ಶಾಖವನ್ನು ಇಕ್ಕಟ್ಟಾದ ಪೆಟ್ಟಿಗೆ ಹೊರಹಾಕಲಾರದು, ಅದಕ್ಕೆ ಸರಿಸಮನಾಗಿ ಹಳೆಯ ಪ್ರೊಸೆಸರ್ ಕೆಲಸ ಒದಗಿಸಲಾರದು. ಒಂದು ಅಂಗ ಉಳಿದೆಲ್ಲವನ್ನೂ ಕರೆಯುತ್ತದೆ. ಅರ್ಧಕ್ಕೆ ನಿಂತರೆ ಬಯಸಿದ ಫಲವೂ ಇಲ್ಲ, ವೆಚ್ಚವಾದ ಹಣವೂ ಇಲ್ಲ. ಸರ್ವಾಂಗಗಳನ್ನೂ ಒದಗಿಸಲಾರದವನು ಕಾಮ್ಯವನ್ನು ಆರಂಭಿಸಬಾರದೆಂಬ ನಿಯಮದ ಕಾರಣ ಇಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ.

4. ಪ್ರತಿನಿಧಿಯ ನಿಯಮಗಳು

ವಿಹಿತವಾದ ದ್ರವ್ಯ ಸಿಗದಿದ್ದಾಗ ಅದರ ಸ್ಥಾನದಲ್ಲಿ ಬಳಸುವ ಬೇರೆ ದ್ರವ್ಯಕ್ಕೆ ಮೀಮಾಂಸಕರು ಪ್ರತಿನಿಧಿ ಎಂಬ ಹೆಸರಿಟ್ಟು, ಅದರ ಆಯ್ಕೆಗೆ ಕಟ್ಟುನಿಟ್ಟಾದ ನಿಯಮಗಳನ್ನು ರೂಪಿಸಿದರು. ಭತ್ತ ಸಿಗದಿದ್ದರೆ ಅದಕ್ಕೆ ಅತ್ಯಂತ ಸದೃಶವಾದ ನೀವಾರವೆಂಬ ಕಾಡುಭತ್ತವನ್ನು ತೆಗೆದುಕೊಳ್ಳಬೇಕು, ಸಿಕ್ಕಿದ್ದನ್ನೆಲ್ಲ ಹಾಕುವಂತಿಲ್ಲ. ಆ ಪ್ರತಿನಿಧಿಯೂ ಕೆಟ್ಟರೆ ಮತ್ತೆ ಹುಡುಕಬೇಕಾದದ್ದು ಮೂಲಕ್ಕೆ ಹೋಲುವುದನ್ನೇ ಹೊರತು ಪ್ರತಿನಿಧಿಗೆ ಹೋಲುವುದನ್ನಲ್ಲ. ಇಲ್ಲದಿದ್ದರೆ ಒಂದೊಂದೇ ಹೆಜ್ಜೆ ಸರಿಯುತ್ತ ಕೊನೆಗೆ ಮೂಲದ ಗುರುತೇ ಅಳಿಯುತ್ತದೆ.

ಹಳೆಯ ಬಿಡಿಭಾಗಗಳನ್ನು ಹುಡುಕುತ್ತ ಯಶವಂತಪುರದಿಂದ ಮೆಟ್ರೋ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆಗೆ ಬಂದಿಳಿದು ಎಸ್.ಪಿ. ರಸ್ತೆಯ, ಅಂದರೆ ಸಾದರ ಪತ್ರಪ್ಪ ರಸ್ತೆಯ, ಅಂಗಡಿಗಳ ಮುಂದೆ ನಿಲ್ಲುವ ಗಿರಾಕಿಗೆ ಈ ನಿಯಮಗಳು ಅಕ್ಷರಶಃ ಒದಗುತ್ತವೆ. ಸಾದೃಶ್ಯವೆಂದರೆ ಹೊರರೂಪದ ಹೋಲಿಕೆಯಲ್ಲ. ಡಿಡಿಆರ್3 ಮತ್ತು ಡಿಡಿಆರ್4 ಎಂಬ ಎರಡು ಪೀಳಿಗೆಯ ರ‍್ಯಾಮ್ ಪಟ್ಟಿಗಳು ನೋಡಲು ಒಂದೇ ಬಗೆ, ಆದರೆ ಮೊದಲನೆಯದರಲ್ಲಿ 240 ಪಿನ್ನುಗಳು, ಎರಡನೆಯದರಲ್ಲಿ 288. ನಡುವಿನ ಕಚ್ಚಿನ ಸ್ಥಾನವೂ ಬೇರೆ, ಬಯಸುವ ವೋಲ್ಟೇಜೂ ಬೇರೆ. ಇಂಟೆಲ್ ಪ್ರೊಸೆಸರ್ ಕೂರುವ ತಳಪಾಯ 2013ರ ಎಲ್‌ಜಿಎ1150ರಿಂದ 2015ರ ಎಲ್‌ಜಿಎ1151ಕ್ಕೆ ಬದಲಾದಾಗ, ನೋಡಲು ಒಂದೇ ಗಾತ್ರದ ಪ್ರೊಸೆಸರ್ ಹಳೆಯ ಬೋರ್ಡಿಗೆ ನಿರುಪಯೋಗಿಯಾಯಿತು. ಇದಕ್ಕೆ ಎದುರಾಗಿ 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಅಳತೆಯನ್ನು ಅನುಸರಿಸುವ ಪೆಟ್ಟಿಗೆಯೊಳಗೆ ದಶಕಗಳ ಅಂತರದ ಬೋರ್ಡುಗಳೂ ಕೂರುತ್ತವೆ. ಎಎಂಡಿ ಸಂಸ್ಥೆ ತನ್ನ ಎಎಂ4 ತಳಪಾಯವನ್ನು 2017ರ ರೈಜನ್ ಪೀಳಿಗೆಯಿಂದ 2022ರ ಆಚೆಗೂ ಉಳಿಸಿಕೊಂಡಿತು. ಮಿತವ್ಯಯಿಯಾದವನು ಇಂದು ಕೊಳ್ಳುವ ಭಾಗದ ವೇಗವನ್ನು ನೋಡುವಷ್ಟೇ ಎಚ್ಚರದಿಂದ ಅದು ಯಾವ ಮಾನಕಕ್ಕೆ ಸೇರಿದೆ, ಆ ಮಾನಕ ಎಷ್ಟು ಕಾಲ ಬಾಳಿದೆ ಎಂಬುದನ್ನು ನೋಡಬೇಕಾಗುತ್ತದೆ.

ಪ್ರತಿನಿಧಿಯೇ ಇಲ್ಲದವುಗಳನ್ನೂ ಶಾಸ್ತ್ರ ಎಣಿಸುತ್ತದೆ. ದೇವತೆ, ಆಹವನೀಯವೇ ಮೊದಲಾದ ಅಗ್ನಿ, ಮಂತ್ರ, ಕ್ರಿಯೆ ಇವುಗಳಿಗೆ ಬದಲಿ ಸಲ್ಲದು. ಫಲಕ್ಕೆ ಒಡೆಯನಾದ ಯಜಮಾನನಿಗೂ, ಅನೇಕರು ಕೂಡಿ ನಡೆಸುವ ಸತ್ರವೆಂಬ ಯಾಗವನ್ನು ಬಿಟ್ಟರೆ, ಬದಲಿಯಿಲ್ಲ. ಕಂಪ್ಯೂಟರಿನ ಬಳಕೆದಾರ ಈ ಯಜಮಾನನ ಸ್ಥಾನದಲ್ಲಿದ್ದಾನೆ. ತನ್ನ ಕೆಲಸ ಏನೆಂದು ತಾನೇ ನಿಶ್ಚಯಿಸದೆ ಆ ನಿಶ್ಚಯವನ್ನು ಅಂಗಡಿಯವನಿಗೋ ಜಾಹೀರಾತಿಗೋ ಬಿಟ್ಟುಕೊಟ್ಟವನ ಯಂತ್ರ ಬೇರೊಬ್ಬನ ಬಯಕೆಗೆ ತಕ್ಕಂತೆ ಸಜ್ಜಾಗುತ್ತದೆ.

ನಿಷಿದ್ಧವಾದುದು ಎಷ್ಟೇ ಸದೃಶವಾಗಿದ್ದರೂ ಪ್ರತಿನಿಧಿಯಾಗದು ಎಂಬುದು ಇನ್ನೊಂದು ನಿಯಮ. ಹೆಸರುಕಾಳು ಸಿಗಲಿಲ್ಲವೆಂದು ಯಜ್ಞಕ್ಕೆ ಅನರ್ಹವೆಂದು ಹೇಳಲಾದ ಉದ್ದನ್ನು ಹಾಕುವಂತಿಲ್ಲ. ಪರವಾನಗಿ ಇಲ್ಲದ ನಕಲು ತಂತ್ರಾಂಶ ಈ ವರ್ಗದ್ದು: ಅಸಲಿಗೆ ಪೂರ್ಣವಾಗಿ ಹೋಲುವುದೇ ಅದರ ಆಕರ್ಷಣೆ, ಆದರೂ ಅದು ಅಸ್ತೇಯವನ್ನು, ಕದಿಯದಿರುವ ವ್ರತವನ್ನು, ಮುರಿಯುತ್ತದೆ, ಅದನ್ನು ಸಾಧ್ಯಗೊಳಿಸುವ ಸಣ್ಣ ಸಾಧನಗಳಲ್ಲಿ ಕೇಡಿನ ತಂತ್ರಾಂಶ ಅಡಗಿರುವ ಸಂಭವವೂ ಇರುವುದರಿಂದ ಲೌಕಿಕವಾಗಿಯೂ ಅದು ಅಗ್ಗವಲ್ಲ. ಮೇಲ್ಚೀಟಿಯಲ್ಲಿ ದೊಡ್ಡ ವ್ಯಾಟ್ ಅಂಕಿ ಬರೆದು, ಪ್ರೊಸೆಸರಿಗೆ ನಿಜವಾಗಿ ಬೇಕಾದ 12 ವೋಲ್ಟಿನ ಸಾಲಿನಲ್ಲಿ ಅದರ ಒಂದು ಪಾಲನ್ನಷ್ಟೇ ಕೊಡುವ ಕಳಪೆ ಎಸ್‌ಎಂಪಿಎಸ್ಸನ್ನೂ ಇದೇ ಸಾಲಿಗೆ ಸೇರಿಸಬಹುದು, ಏಕೆಂದರೆ ಅದು ಕೆಟ್ಟಾಗ ತನ್ನೊಡನೆ ಉಳಿದ ಅಂಗಗಳನ್ನೂ ಕೆಡಿಸಬಲ್ಲದು.

ವಿಂಡೋಸಿನ ಸ್ಥಾನಕ್ಕೆ ಉಬುಂಟು, ಲಿನಕ್ಸ್ ಮಿಂಟ್‌ನಂಥ ಮುಕ್ತ ತಂತ್ರಾಂಶಗಳು ಪ್ರತಿನಿಧಿಯಾಗಬಹುದೇ ಎಂಬ ಪ್ರಶ್ನೆಗೆ ಉತ್ತರ ಕೂಡ ಪ್ರಧಾನವನ್ನು ಅವಲಂಬಿಸಿದೆ. ಜಾಲತಾಣ ನೋಡುವವನಿಗೂ ಲಿಬ್ರೆ ಆಫೀಸಿನಲ್ಲಿ ಪತ್ರ ಬರೆಯುವವನಿಗೂ ಅವು ನೀವಾರದಂತೆ ಸದೃಶ, ಯೂನಿಕೋಡ್ ಕನ್ನಡವೂ ಅವುಗಳಲ್ಲಿ ಸುಗಮ. ಆದರೆ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ, ಪುಟಜೋಡಣೆಯ ತಂತ್ರಾಂಶವಾದ ಪೇಜ್‌ಮೇಕರಿನೊಳಗೆ ವರ್ಷಗಟ್ಟಲೆ ಪುಟ ಕಟ್ಟಿರುವ ಡಿಟಿಪಿ ಅಂಗಡಿಗೆ ಆ ಕಡತಗಳೇ ಬಂಡವಾಳವಾಗಿರುವುದರಿಂದ ಅಲ್ಲಿ ಸಾದೃಶ್ಯ ಸಾಲದು. ಒಂದೇ ವಸ್ತು ಒಬ್ಬನಿಗೆ ಯೋಗ್ಯ ಪ್ರತಿನಿಧಿ, ಇನ್ನೊಬ್ಬನಿಗೆ ಅಲ್ಲ.

5. ಅದೇ ಯಂತ್ರವೇ?

ಮಹಾನವಮಿಯ ದಿನ ಆಯುಧಪೂಜೆಗೆಂದು ಬೆಂಗಳೂರಿನ ಅಂಗಡಿ, ಕಚೇರಿಗಳಲ್ಲಿ ಕಂಪ್ಯೂಟರಿನ ಪೆಟ್ಟಿಗೆಗೆ ಅರಿಶಿನ ಕುಂಕುಮವಿಟ್ಟು ಹೂವೇರಿಸಿ ಬಾಗಿಲಲ್ಲಿ ಬೂದುಗುಂಬಳ ಒಡೆಯುವ ರೂಢಿಯಿದೆ. ಹಿಂದಿನ ವರ್ಷ ಪೂಜೆಗೊಂಡ ಪೆಟ್ಟಿಗೆಯೊಳಗಿನ ಡಿಸ್ಕು, ರ‍್ಯಾಮು, ಎಸ್‌ಎಂಪಿಎಸ್ ಈ ವರ್ಷ ಬೇರೆಯಾಗಿದ್ದರೂ ಪೂಜೆ ಮಾಡುವವರು ಅದನ್ನು ಅದೇ ಯಂತ್ರವೆಂದೇ ತಿಳಿಯುತ್ತಾರೆ. ಈ ತಿಳಿವಳಿಕೆಗೆ ಆಧಾರವೇನೆಂಬುದರಲ್ಲಿ ದರ್ಶನಗಳು ಒಮ್ಮತಕ್ಕೆ ಬಂದಿಲ್ಲ.

ಮಿಲಿಂದಪ್ರಶ್ನೆಯೆಂಬ ಬೌದ್ಧ ಗ್ರಂಥದಲ್ಲಿ ಬರುವ ನಾಗಸೇನ ಭಿಕ್ಷುವಿನ ವಾದದಂತೆ ಅಚ್ಚು, ಚಕ್ರ, ನೊಗ ಇವುಗಳಲ್ಲಿ ಯಾವುದೂ ರಥವಲ್ಲ, ಇವುಗಳ ಹೊರಗೂ ರಥವಿಲ್ಲ. ರಥವೆಂಬುದು ಜೋಡಣೆಗೆ ಇಟ್ಟ ವ್ಯವಹಾರದ ಹೆಸರು. ನೈಯಾಯಿಕರು ಇದನ್ನು ಒಪ್ಪದೆ, ಅವಯವಗಳಲ್ಲಿ ನೆಲೆಸಿದರೂ ಅವುಗಳಿಗಿಂತ ಬೇರೆಯಾದ ಅವಯವಿ, ಅಂದರೆ ಇಡಿಯಾದ ವಸ್ತು, ನಿಜವಾಗಿಯೂ ಇದೆಯೆನ್ನುತ್ತಾರೆ. ಆದರೆ ಆ ನಿಲುವಿಗೆ ಅವರು ತೆರುವ ಬೆಲೆ ದೊಡ್ಡದು, ಏಕೆಂದರೆ ಬಟ್ಟೆಯಿಂದ ಒಂದು ನೂಲನ್ನು ಕಿತ್ತರೂ ಹಳೆಯ ಬಟ್ಟೆ ನಾಶವಾಗಿ ಹೊಸದೊಂದು ಹುಟ್ಟಿತೆಂದು ಅವರು ಹೇಳಬೇಕಾಗುತ್ತದೆ. ತಂತ್ರಾಂಶದ ಪರವಾನಗಿಗಳಲ್ಲಿ ಈ ವಾದದ ಒಂದು ವಿಚಿತ್ರ ರೂಪ ಇಂದಿಗೂ ಜೀವಂತವಾಗಿದೆ: ಯಂತ್ರದೊಡನೆಯೇ ತಯಾರಕರಿಂದ ಬಂದ ಓಇಎಂ ಬಗೆಯ ವಿಂಡೋಸ್ ಪರವಾನಗಿಗೆ ಡಿಸ್ಕು, ರ‍್ಯಾಮು ಬದಲಾದರೆ ಬಾಧೆಯಿಲ್ಲ, ಆದರೆ ಕೆಟ್ಟಿರದ ಮದರ್‌ಬೋರ್ಡನ್ನು ಮೇಲ್ದರ್ಜೆಗಾಗಿ ಬದಲಿಸಿದರೆ ಅದು ಹೊಸ ಯಂತ್ರವೆಂದೇ ಎಣಿಕೆಯಾಗಿ ಹೊಸ ಪರವಾನಗಿ ಬೇಕಾಗುತ್ತದೆ. ನೂಲುಗಳೆಲ್ಲ ಸಮಾನವೆಂದ ನೈಯಾಯಿಕನಿಗಿಂತ ಇದು ಭಿನ್ನ. ಇಲ್ಲಿ ಒಂದು ಅವಯವಕ್ಕೆ ಆತ್ಮದ ಪದವಿ ದೊರೆತಿದೆ. ಮದರ್‌ಬೋರ್ಡ್ ಬದಲಾವಣೆ ಪ್ರೊಸೆಸರು, ರ‍್ಯಾಮುಗಳ ಬದಲಾವಣೆಯನ್ನೂ ಬಹುಪಾಲು ಕರೆತರುವುದರಿಂದ, ದುರಸ್ತಿಗೂ ಹೊಸ ಖರೀದಿಗೂ ನಡುವಿನ ಗೆರೆ ಹಣದ ಲೆಕ್ಕದಲ್ಲಿಯೂ ಅಲ್ಲಿಯೇ ಬೀಳುತ್ತದೆ.

ಜೈನ ದರ್ಶನದ ಉತ್ತರ ಎರಡನ್ನೂ ಒಳಗೊಳ್ಳುತ್ತದೆ. ಇರುವ ಪ್ರತಿಯೊಂದು ವಸ್ತುವೂ ಉತ್ಪಾದ, ವ್ಯಯ, ಧ್ರೌವ್ಯ, ಅಂದರೆ ಹುಟ್ಟು, ಅಳಿವು, ಉಳಿವು ಎಂಬ ಮೂರನ್ನೂ ಒಟ್ಟಿಗೇ ಹೊಂದಿದೆಯೆಂಬುದು ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ನಿಲುವು. ಗಂಗ ಅರಸರೊಡನೆ ಪರಂಪರೆ ಜೋಡಿಸುವ ಪೂಜ್ಯಪಾದರು ಆ ಸೂತ್ರಗಳಿಗೆ ಸರ್ವಾರ್ಥಸಿದ್ಧಿ ಎಂಬ ಟೀಕೆ ಬರೆದರು. ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಆ ನಿಲುವನ್ನು ದೃಷ್ಟಾಂತವೊಂದರಿಂದ ವಿವರಿಸುತ್ತಾರೆ: ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬಯಸಿದ್ದವನು ದುಃಖಿಸುತ್ತಾನೆ, ಕಿರೀಟ ಬಯಸಿದ್ದವನು ಹಿಗ್ಗುತ್ತಾನೆ, ಚಿನ್ನವನ್ನಷ್ಟೇ ಬಯಸಿದ್ದವನು ನಿರ್ವಿಕಾರನಾಗಿರುತ್ತಾನೆ. ಒಂದೇ ಘಟನೆ ಮೂರು ಬಗೆಯಾಗಿ ತೋರುವುದು ಬಯಕೆಯ ಭೇದದಿಂದ, ಆದರೆ ಆ ಮೂರು ತೋರಿಕೆಗಳಿಗೂ ವಸ್ತುವಿನಲ್ಲಿಯೇ ಆಧಾರವಿದೆ.

ಮೀಮಾಂಸೆ ತನ್ನದೇ ನಾಲ್ಕನೆಯ ಉತ್ತರವನ್ನು ಕೊಡುತ್ತದೆ: ದ್ರವ್ಯ ಬದಲಾದ ಮಾತ್ರಕ್ಕೆ ಕರ್ಮ ಬೇರೆಯಾಗುವುದಿಲ್ಲ. ಭತ್ತದಿಂದ ಮಾಡಿದರೂ ನೀವಾರದಿಂದ ಮಾಡಿದರೂ ಯಾಗ ಅದೇ. ಈ ದೃಷ್ಟಿಯಲ್ಲಿ ಯಂತ್ರದ ಏಕತೆ ಅದರ ಬಿಡಿಭಾಗಗಳಲ್ಲಿಲ್ಲ, ಅದು ನೆರವೇರಿಸುತ್ತ ಬಂದ ಕೆಲಸದ ಸಾತತ್ಯದಲ್ಲಿದೆ. ಆಯುಧಪೂಜೆಯ ಭಕ್ತರ ತಿಳಿವಳಿಕೆಗೆ ಇದಕ್ಕಿಂತ ಸಮರ್ಪಕ ಸಮರ್ಥನೆ ಸಿಗುವುದು ಕಷ್ಟ.

6. ಜೀರ್ಣೋದ್ಧಾರ ಮತ್ತು ವಿಸರ್ಜನೆ

ಕೆಲಸದ ಸಾತತ್ಯವೇ ಏಕತೆಯೆಂದು ಒಪ್ಪಿದ ಮೇಲೆ, ಭಾಗ ಬದಲಿಸುವಾಗ ಆ ಸಾತತ್ಯ ಕಡಿಯದಂತೆ ನೋಡಿಕೊಳ್ಳುವುದು ಮೊದಲ ಕರ್ತವ್ಯವಾಗುತ್ತದೆ. ಆಗಮಗಳ ಜೀರ್ಣೋದ್ಧಾರ ವಿಧಿಯಲ್ಲಿ ಗರ್ಭಗುಡಿಯನ್ನು ಮುಟ್ಟುವ ಮುನ್ನ ಕಲಾಕರ್ಷಣವೆಂಬ ಕ್ರಿಯೆಯಿಂದ ದೇವತಾಸಾನ್ನಿಧ್ಯವನ್ನು ಕುಂಭಕ್ಕೆ ಬರಮಾಡಿಕೊಂಡು, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆ ಮುಂದುವರಿಸಿ, ಕೆಲಸ ಮುಗಿದ ಮೇಲೆ ಕುಂಭಾಭಿಷೇಕದೊಡನೆ ಮರಳಿ ನೆಲೆಗೊಳಿಸುತ್ತಾರೆ. ಹಳೆಯ ಡಿಸ್ಕನ್ನು ಕಳಚುವ ಮುನ್ನ ಅದರಲ್ಲಿರುವುದನ್ನೆಲ್ಲ ಬೇರೊಂದೆಡೆ ನಕಲು ಮಾಡಿಕೊಂಡು, ಆ ನಕಲು ತೆರೆಯುತ್ತದೆಯೆಂದು ಪರೀಕ್ಷಿಸಿ, ಆಮೇಲೆ ಎಸ್‌ಎಸ್‌ಡಿಗೆ ಇಳಿಸಬೇಕೆಂಬ ಶಿಸ್ತು ಇದೇ ತರ್ಕದ್ದು. ಸಾನ್ನಿಧ್ಯ ಸುರಕ್ಷಿತವಾಗುವವರೆಗೆ ಕಲ್ಲನ್ನು ಅಲುಗಿಸಬಾರದು.

ಅದೇ ವಿಧಿ ಜೀರ್ಣವಾದ ಮೂರ್ತಿಯನ್ನು ಎಲ್ಲೆಂದರಲ್ಲಿ ಎಸೆಯಗೊಡದೆ ಅದರ ವಿಸರ್ಜನೆಗೂ ಕ್ರಮವನ್ನು ಹೇಳುತ್ತದೆ. ಸೀಸದ ಬೆಸುಗೆ, ಬ್ಯಾಟರಿಯ ಆಮ್ಲ, ಪ್ಲಾಸ್ಟಿಕ್ಕಿನ ರಾಸಾಯನಿಕಗಳಿರುವ ಹಳೆಯ ಬಿಡಿಭಾಗ ಗುಜರಿಯವರ ಬೆಂಕಿಗೆ ಸೇರಿದರೆ ಅದರ ಹೊಗೆ ಉಸಿರಾಡುವವರು ಆ ಯಂತ್ರದಿಂದ ಯಾವ ಲಾಭವನ್ನೂ ಪಡೆಯದವರು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತವೆ. ಯಶವಂತಪುರದಿಂದ ಹೊರಡುವ ತುಮಕೂರು ರಸ್ತೆಯಲ್ಲಿಯೇ ಮುಂದೆ ಸಿಗುವ ದಾಬಸ್‌ಪೇಟೆಯಲ್ಲಿ ದೇಶದ ಮೊದಮೊದಲ ಅಧಿಕೃತ ಇ-ತ್ಯಾಜ್ಯ ಸಂಸ್ಕರಣಾ ಘಟಕಗಳಲ್ಲೊಂದಾದ ಇ-ಪರಿಸರ ಸ್ಥಾಪನೆಯಾಯಿತು. ಇಷ್ಟಾದರೂ, ಯಾವ ಸಂಸ್ಕರಣೆಯೂ ಬಿಡಿಭಾಗವನ್ನು ತಯಾರಿಸಲು ವ್ಯಯವಾದ ನೀರನ್ನೂ ಶಕ್ತಿಯನ್ನೂ ಮರಳಿಸದು. ಆದ್ದರಿಂದ ವಿಸರ್ಜನೆಯನ್ನು ಮುಂದೂಡುವ ದುರಸ್ತಿ ಅಹಿಂಸೆಯ ದೃಷ್ಟಿಯಿಂದಲೂ ಮೇಲು.

7. ಸಾಕೆಂಬುದರ ಎಲ್ಲೆ

ಈವರೆಗಿನ ವಾದಕ್ಕೆ ಎರಡು ಕಡೆಗಳಿಂದ ಆಕ್ಷೇಪ ಬರಬಹುದು. ಯಥಾಶಕ್ತಿಯ ಹೆಸರಿನಲ್ಲಿ ಅಪಾಯಕಾರಿ ಹಳೆಯದನ್ನೇ ಹಿಡಿದು ಕೂರುವುದು ಸರಿಯೇ ಎಂಬುದು ಮೊದಲನೆಯದು. ಭದ್ರತಾ ತಿದ್ದುಪಡಿಗಳು ನಿಂತ ವ್ಯವಸ್ಥೆ ಅಂತರಜಾಲಕ್ಕೆ ತೆರೆದುಕೊಂಡಿದ್ದರೆ, ಅದು ಪರರ ವಶವಾಗಿ ತನ್ನ ಒಡೆಯನಿಗಷ್ಟೇ ಅಲ್ಲದೆ ಇತರರಿಗೂ ಕೇಡು ಮಾಡುವ ಸಾಧನವಾಗಬಲ್ಲದು. ಇದಕ್ಕೆ ಸಮಾಧಾನ ಯಥಾಶಕ್ತಿಯ ನ್ಯಾಯದ ಒಳಗೇ ಇದೆ: ಅಂಗಗಳ ಕೊರತೆಯನ್ನು ಅದು ಸಹಿಸುತ್ತದೆ, ಪ್ರಧಾನದ ಕೊರತೆಯನ್ನು ಸಹಿಸುವುದಿಲ್ಲ. ಜಾಲಕ್ಕೆ ಜೋಡಿಸದೆ ಬರೀ ಪುಟ ಕಟ್ಟುವ ಯಂತ್ರಕ್ಕೆ ಭದ್ರತಾ ತಿದ್ದುಪಡಿ ಅಂಗ, ಅದಿಲ್ಲದೆಯೂ ಕೆಲಸ ಸಾಗುತ್ತದೆ. ಗಿರಾಕಿಗಳ ತೆರಿಗೆ ವಿವರ ಸಲ್ಲಿಸುವ ಯಂತ್ರದಲ್ಲಿ ವಿಶ್ವಾಸ ಕಾಯುವುದೇ ಕೆಲಸದ ತಿರುಳಾಗಿರುವುದರಿಂದ ಅಲ್ಲಿ ಅದು ಪ್ರಧಾನಕ್ಕೆ ಸೇರುತ್ತದೆ. ಅಂಥ ಕಡೆ ಮೈಕ್ರೋಸಾಫ್ಟ್ ಘೋಷಿಸಿದ ವಿಸ್ತರಿತ ತಿದ್ದುಪಡಿಯಂಥ ವ್ಯವಸ್ಥೆಯನ್ನೋ, ಮುಕ್ತ ತಂತ್ರಾಂಶವನ್ನೋ, ಹೊಸ ಯಂತ್ರವನ್ನೋ ಆಶ್ರಯಿಸಲೇಬೇಕು. ಉಳಿಸಿದ ಹಣ ಅಲ್ಲಿ ಮಿತವ್ಯಯವೆನಿಸದು.

ಎರಡನೆಯ ಆಕ್ಷೇಪ ಹೆಚ್ಚು ಆಳದ್ದು. ಯಜ್ಞದ ಶಾಸ್ತ್ರ ಅಂಗಗಳನ್ನು ಎಣಿಸುವುದನ್ನು ಕಲಿಸುತ್ತದೆಯೇ ಹೊರತು, ಶಕ್ತಿಯಿದ್ದವನು ಎಲ್ಲಿ ನಿಲ್ಲಬೇಕೆಂದು ಹೇಳುವುದಿಲ್ಲ. ಹಣವಿದ್ದವನಿಗೆ ಅದು ಎಲ್ಲವನ್ನೂ ಅನುಮತಿಸಿದಂತಾಗುತ್ತದೆ. ಈ ಕೊರತೆಯನ್ನು ತುಂಬಿದ್ದು ಹನ್ನೆರಡನೆಯ ಶತಮಾನದ ಶರಣರು. ಯಜ್ಞದ ಸ್ಥಾನದಲ್ಲಿ ಕಾಯಕವನ್ನು, ಅಂದರೆ ಅರ್ಪಣಭಾವದಿಂದ ಮಾಡುವ ಜೀವನೋಪಾಯದ ದುಡಿಮೆಯನ್ನು, ನಿಲ್ಲಿಸಿ, ಅದರಿಂದ ಬಂದುದು ದಾಸೋಹಕ್ಕೆ, ಸಮುದಾಯದ ಸೇವೆಗೆ, ಸಲ್ಲಬೇಕೆಂದು ಅವರು ಹೇಳಿದರು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಮಡದಿ ಲಕ್ಕಮ್ಮ ಹೇಳಿದಳೆಂಬ ಕಥೆಯಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ದಂಪತಿಗೆ ಹೆಚ್ಚಿನದನ್ನು ಇಟ್ಟುಕೊಳ್ಳುವ ಶಕ್ತಿ ಇತ್ತು, ಅವಕಾಶವೂ ಇತ್ತು. ಎಲ್ಲೆ ಬಂದದ್ದು ಶಕ್ತಿಯಿಂದಲ್ಲ, ಅಗತ್ಯದಿಂದ. ಉಳಿದದ್ದು ಬೇರೊಬ್ಬರ ಪಾಲೆಂಬ ಅರಿವಿನಿಂದ.

ಇದು ಕೇವಲ ನೀತಿಕಥೆಯಲ್ಲವೆಂಬುದನ್ನು ಬಿಡಿಭಾಗಗಳ ಮಾರುಕಟ್ಟೆ ಈಚೆಗೆ ತೋರಿಸಿಕೊಟ್ಟಿದೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಏರಿ, ಮೈಕ್ರಾನ್ ಸಂಸ್ಥೆ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ಎಂಬ ತನ್ನ ವಿಭಾಗದಿಂದ ಹಿಂದೆ ಸರಿಯುವುದಾಗಿ ಆ ಡಿಸೆಂಬರಿನಲ್ಲಿ ಪ್ರಕಟಿಸಿತು. ದೂರದ ಬೃಹತ್ ಕಾಮ್ಯವೊಂದು ಯಲಹಂಕದ ಗೃಹಸ್ಥನ ನಿತ್ಯದ ಅಂಗವನ್ನು ದುಬಾರಿಯಾಗಿಸಿತು. ಅದೇ ರೀತಿಯಲ್ಲಿ, ಸಣ್ಣ ಪ್ರಮಾಣದಲ್ಲಿ, 8 ಗಿಗಾಬೈಟಿನ ಕೆಲಸಕ್ಕೆ 32 ಗಿಗಾಬೈಟನ್ನು ತುಂಬಿಸುವವನೂ ಬೇರೆಯವರ ನಿತ್ಯದ ಮೇಲೆ ಭಾರ ಹಾಕುತ್ತಾನೆ. ಒಬ್ಬನ ಯಥಾಶಕ್ತಿ ಅವನ ಜೇಬಿನಿಂದ ಮಾತ್ರ ನಿರ್ಧಾರವಾಗುವುದಿಲ್ಲ, ಉಳಿದವರು ಎಲ್ಲಿ ನಿಂತರು ಎಂಬುದರಿಂದಲೂ ನಿರ್ಧಾರವಾಗುತ್ತದೆ.

ಆದ್ದರಿಂದ ಹಳೆಯ ಡೆಸ್ಕ್‌ಟಾಪಿನ ಮುಂದೆ ಕುಳಿತವನಿಗೆ ಮೀಮಾಂಸೆ ಕೆಳಗಿನ ಎಲ್ಲೆಯನ್ನು ಹಾಕಿಕೊಡುತ್ತದೆ, ಶರಣಪರಂಪರೆ ಮೇಲಿನ ಎಲ್ಲೆಯನ್ನು ಹಾಕಿಕೊಡುತ್ತದೆ: ಪ್ರಧಾನಕ್ಕೆ ಲೋಪ ಬರುವಷ್ಟು ಕೆಳಗೆ ಇಳಿಯುವಂತಿಲ್ಲ, ಕಾಯಕ ಕೇಳದಷ್ಟು ಮೇಲೆ ಏರುವಂತಿಲ್ಲ. ಈ ಎರಡರ ನಡುವೆ ಉಳಿಯುವ ಆಯ್ಕೆಗಳು ಹೆಚ್ಚಿನ ಸಂದರ್ಭಗಳಲ್ಲಿ ಕೆಲವೇ, ಅವುಗಳ ವೆಚ್ಚವೂ ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲು. ಹಣದ ಮಿತಿಯನ್ನು ಕೊರತೆಯೆಂದು ಭಾವಿಸಿದವನಿಗೆ ಪ್ರತಿ ಆಯ್ಕೆಯೂ ಬಿಟ್ಟುಕೊಟ್ಟದ್ದರ ಲೆಕ್ಕವಾಗಿ ಕಾಣುತ್ತದೆ. ತನ್ನ ಕೆಲಸ ಏನೆಂದು ಮೊದಲೇ ನಿಶ್ಚಯಿಸಿಕೊಂಡವನಿಗೆ ಅದೇ ಮಿತಿ ಪ್ರಧಾನವನ್ನು ಅಂಗದಿಂದ ಬೇರ್ಪಡಿಸುವ ಸಂದರ್ಭವಾಗುತ್ತದೆ, ಮತ್ತು ಆ ವಿವೇಕ ಹಣ ಹೆಚ್ಚಾದ ದಿನವೂ ಅವನಿಗೆ ಬೇಕಾಗುತ್ತದೆ.